ಆತ್ಮಮೋಹ, ಸಾಹಸ, ಸಂಪಾದನೆ: ಒಂದು ಪ್ರಮಾಣವಿಮರ್ಶೆ

ತನ್ನನ್ನು ತಾನೇ ಅತಿಯಾಗಿ ಮೆಚ್ಚಿಕೊಳ್ಳುವವನು ಅಪಾಯಕ್ಕೆ ಅಂಜನು. ಅಪಾಯಕ್ಕೆ ಅಂಜದವನು ಹೆಚ್ಚು ಗಳಿಸುವನು. ಆದುದರಿಂದ ಆತ್ಮಮೋಹವೂ ಧನಾರ್ಜನೆಗೆ ಒಂದು ಸಾಧನ. ಈ ಬಗೆಯ ತರ್ಕಸರಣಿಯೊಂದು ಕಳೆದ ಎರಡು ದಶಕಗಳಲ್ಲಿ ವಿದ್ವತ್ಪತ್ರಿಕೆಗಳ ಸುತ್ತ ಬೆಳೆದು, ವ್ಯವಹಾರಶಾಸ್ತ್ರದ ಚರ್ಚೆಗಳಲ್ಲಿ ಬೇರುಬಿಡುತ್ತಿದೆ. ಇದಕ್ಕೆ ಆಧಾರವೆಂದು ಹೇಳಲಾಗುವ ಸಂಶೋಧನೆಗಳನ್ನು ಪರಿಶೀಲಿಸಿ, ಅವುಗಳಿಂದ ಎಷ್ಟು ಸಿದ್ಧವಾಗುತ್ತದೆ, ಎಷ್ಟು ಸಿದ್ಧವಾಗುವುದಿಲ್ಲ ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮನಶ್ಶಾಸ್ತ್ರಕ್ಕೆ ಸೇರಿದ ಈ ವಿಷಯದಲ್ಲಿ ಇತಿಹಾಸದ ಅಧ್ಯಾಪಕರಿಗೆ ಏನು ಕೆಲಸ ಎಂಬ ಪ್ರಶ್ನೆ ಸಹಜವಾಗಿಯೇ ಏಳಬಹುದು. ಕೆಲಸವುಂಟು. ಈ ಸಂಶೋಧನೆಗಳಲ್ಲಿ ಅತ್ಯಂತ ಪ್ರಸಿದ್ಧವಾದವು ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಪರೀಕ್ಷಿಸಿದವುಗಳಲ್ಲ. ಕಾಗದಪತ್ರಗಳನ್ನು ಓದಿ ಮನಸ್ಸನ್ನು ಊಹಿಸಿದವುಗಳು. ದಾಖಲೆಯಿಂದ ವ್ಯಕ್ತಿಯ ಅಂತರಂಗಕ್ಕೆ ಹೋಗುವ ದಾರಿಯನ್ನು ಇತಿಹಾಸಶಾಸ್ತ್ರವು ಬಹುಕಾಲದಿಂದ ತುಳಿಯುತ್ತ ಬಂದಿದೆ. ಆ ದಾರಿಯಲ್ಲಿ ಎಲ್ಲಿ ಕಾಲು ಜಾರುತ್ತದೆಂಬುದನ್ನು ತಿಳಿದಿರುವುದು ನಮ್ಮ ಶಾಸ್ತ್ರದ ಪ್ರಥಮ ಪಾಠ. ಆ ಪಾಠವನ್ನು ನೆರೆಯ ಶಾಸ್ತ್ರದ ಮುಂದಿಡುವುದು ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇವೆ.

೧

ಮೊದಲು ಶಬ್ದದ ವಿಚಾರ. ಪಾಶ್ಚಾತ್ಯರು 'ನಾರ್ಸಿಸಿಸಂ' ಎಂದು ಕರೆಯುವುದನ್ನು ನಾವು ಇಲ್ಲಿ 'ಆತ್ಮಮೋಹ' ಎಂದು ಕರೆದಿದ್ದೇವೆ. ಕೊಳದ ನೀರಿನಲ್ಲಿ ಕಂಡ ತನ್ನ ಪ್ರತಿಬಿಂಬವನ್ನೇ ಮೋಹಿಸಿ, ಅದನ್ನು ಬಿಟ್ಟಗಲಲಾರದೆ ಸೊರಗಿ ಹೋದ ನಾರ್ಸಿಸಸ್ ಎಂಬ ಗ್ರೀಕ್ ತರುಣನ ಕಥೆ ಈ ಹೆಸರಿಗೆ ಮೂಲ. ರೋಮಿನ ಕವಿ ಓವಿಡ್ ಅದನ್ನು ವಿಸ್ತಾರವಾಗಿ ಹೇಳಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವೈದ್ಯರು ಈ ಹೆಸರನ್ನು ಒಂದು ಮನೋವಿಕಾರಕ್ಕೆ ಇಟ್ಟರು. ೧೯೧೪ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಇದೇ ವಿಷಯವಾಗಿ ಪ್ರಬಂಧವೊಂದನ್ನು ಬರೆದು, ಇದು ರೋಗಿಗಳಲ್ಲಿ ಮಾತ್ರ ಕಾಣುವಂಥದಲ್ಲ, ಎಲ್ಲ ಮನುಷ್ಯರ ಬೆಳವಣಿಗೆಯಲ್ಲಿಯೂ ಇದಕ್ಕೆ ಸ್ಥಾನವುಂಟು ಎಂದು ಪ್ರತಿಪಾದಿಸಿದರು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಸೂಚಿಯ ಮೂರನೆಯ ಆವೃತ್ತಿಯಲ್ಲಿ ಇದನ್ನು ವ್ಯಕ್ತಿತ್ವವಿಕಾರಗಳ ಪಟ್ಟಿಗೆ ಸೇರಿಸಿತು.

ಆದರೆ ನಮ್ಮ ಪ್ರಸ್ತುತ ಚರ್ಚೆಗೆ ಸಂಬಂಧಿಸಿದ್ದು ರೋಗವಲ್ಲ, ಗುಣ. ೧೯೭೯ರಲ್ಲಿ ರಾಬರ್ಟ್ ರಾಸ್ಕಿನ್ ಮತ್ತು ಕ್ಯಾಲ್ವಿನ್ ಹಾಲ್ ಎಂಬ ವಿದ್ವಾಂಸರು ಆರೋಗ್ಯವಂತರಲ್ಲಿಯೇ ಈ ಗುಣದ ಹೆಚ್ಚುಕಡಿಮೆಗಳನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ೧೯೮೮ರಲ್ಲಿ ರಾಸ್ಕಿನ್ ಮತ್ತು ಹೋವರ್ಡ್ ಟೆರಿ ಅದನ್ನು ೪೦ ಜೋಡಿ ಹೇಳಿಕೆಗಳಿಗೆ ಇಳಿಸಿದರು. ಪ್ರತಿ ಜೋಡಿಯಲ್ಲಿ ವಿನಯದ ಹೇಳಿಕೆಯೊಂದು, ಹೆಚ್ಚುಗಾರಿಕೆಯ ಹೇಳಿಕೆಯೊಂದು. ತನಗೆ ಹೊಂದುವುದನ್ನು ಓದುಗನು ಆರಿಸಬೇಕು. ಅಂದಿನಿಂದ ಆತ್ಮಮೋಹವೆಂಬುದು ಎತ್ತರ ತೂಕಗಳಂತೆ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಇರತಕ್ಕ ಅಳತೆಯ ವಸ್ತುವಾಯಿತು. ರೋಗವಾಚಿಯಾದ ಶಬ್ದವೇ ಗುಣವಾಚಿಯೂ ಆದುದರಿಂದ ಉಂಟಾಗುವ ಗೊಂದಲವನ್ನು ಓದುಗರು ಆದಿಯಲ್ಲಿಯೇ ಗಮನಿಸಬೇಕು.

ಈ ಗುಣದ ಪರಿಚಯ ನಮ್ಮ ಪ್ರಾಚೀನರಿಗೂ ಇದ್ದಿತು. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಅರಸನು ಗೆಲ್ಲಬೇಕಾದ ಆರು ಶತ್ರುಗಳಲ್ಲಿ ಮಾನ, ಮದಗಳನ್ನು ಎಣಿಸುತ್ತದೆ. ಮಾನದಿಂದ ರಾವಣ ದುರ್ಯೋಧನರೂ, ಮದದಿಂದ ಡಂಭೋದ್ಭವನೂ ಹೈಹಯ ಅರ್ಜುನನೂ ಕೆಟ್ಟರೆಂದು ಹೇಳುತ್ತದೆ. ಆದರೆ ಅದು ರಾಜನಿಗೆ ಹೇಳಿದ ನೀತಿ. ಇಂತಿಷ್ಟು ಮದವಿದ್ದರೆ ಇಂತಿಷ್ಟು ನಷ್ಟ ಎಂಬ ಲೆಕ್ಕವನ್ನು ಕೌಟಿಲ್ಯನು ಮುಂದಿಡಲಿಲ್ಲ. ಇಂದಿನ ಸಂಶೋಧಕರು ಮುಂದಿಡುತ್ತಿರುವುದು ಅಂಥ ಲೆಕ್ಕವನ್ನೇ. ಲೆಕ್ಕವೆಂದ ಮೇಲೆ ಅದರ ಅಳತೆಗೋಲನ್ನು ಪರೀಕ್ಷಿಸುವ ಹಕ್ಕು ಓದುಗರಿಗೆ ಇದ್ದೇ ಇದೆ.

೨

ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸದೆ ಖಂಡನೆಗೆ ತೊಡಗುವುದು ಸರಿಯಲ್ಲ. ಆದುದರಿಂದ ಮುಖ್ಯ ಸಂಶೋಧನೆಗಳ ಸಾರವನ್ನು ಮೊದಲು ಕೊಡುತ್ತೇವೆ.

ಆತ್ಮಮೋಹಕ್ಕೂ ಸಾಹಸಪ್ರವೃತ್ತಿಗೂ ಇರುವ ನಂಟಿನ ವಿಷಯದಲ್ಲಿ ಪ್ರಯೋಗಶಾಲೆಯ ಸಾಕ್ಷ್ಯವಿದೆ. ಕೀತ್ ಕ್ಯಾಂಬೆಲ್, ಆಡಮ್ ಗುಡಿ, ಜೋಷುವಾ ಫಾಸ್ಟರ್ ಇವರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರು ಸಾಮಾನ್ಯಜ್ಞಾನದ ಪ್ರಶ್ನೆಗಳಿಗೆ ಉತ್ತರಿಸಿ, ತಮ್ಮ ಉತ್ತರದ ಮೇಲೆ ಪಣವೊಡ್ಡಬೇಕಾಗಿದ್ದಿತು. ಆತ್ಮಮೋಹ ಹೆಚ್ಚಾಗಿದ್ದವರಲ್ಲಿ ತಮ್ಮ ಉತ್ತರ ಸರಿಯೆಂಬ ನಂಬಿಕೆಯು ಅವರ ಜ್ಞಾನವನ್ನು ಮೀರಿದ್ದಿತು. ಪಣದಲ್ಲಿ ಅವರು ಸೋತರು. ೨೦೦೯ರಲ್ಲಿ ಫಾಸ್ಟರರೂ ಅವರ ಸಂಗಡಿಗರೂ ಇದಕ್ಕೆ ಕಾರಣವನ್ನು ಹುಡುಕಿದರು. ಇಂಥವರಿಗೆ ಅಪಾಯವು ಕಾಣುವುದಿಲ್ಲವೆಂದಲ್ಲ. ಅಪಾಯದ ಆಚೆಗಿರುವ ಲಾಭವು ಇತರರಿಗಿಂತ ದೊಡ್ಡದಾಗಿ ಕಾಣುತ್ತದೆ ಎಂಬುದು ಅವರ ನಿರ್ಣಯ. ಇದು ಸೂಕ್ಷ್ಮವಾದ, ಬೆಲೆಯುಳ್ಳ ನಿರ್ಣಯವೆಂದು ನಮ್ಮ ಅಭಿಮತ.

ಪ್ರಯೋಗಶಾಲೆಯಿಂದ ವ್ಯಾಪಾರ ಪ್ರಪಂಚಕ್ಕೆ ಈ ಚರ್ಚೆಯನ್ನು ತಂದವರಲ್ಲಿ ಅರಿಜಿತ್ ಚಟರ್ಜಿ ಮತ್ತು ಡೊನಾಲ್ಡ್ ಹ್ಯಾಂಬ್ರಿಕ್ ಇವರು ಅಗ್ರಗಣ್ಯರು. ೨೦೦೭ರ ತಮ್ಮ ಪ್ರಬಂಧದಲ್ಲಿ ಅವರು ಅಮೆರಿಕದ ಕಂಪ್ಯೂಟರ್ ಉದ್ಯಮದ ೧೧೧ ಮಂದಿ ಮುಖ್ಯಾಧಿಕಾರಿಗಳನ್ನು ಪರಿಶೀಲಿಸಿದರು. ಪರಿಶೀಲನೆಯ ಅವಧಿ ೧೯೯೨ರಿಂದ ೨೦೦೪ರವರೆಗೆ. ಇಂಥ ಅಧಿಕಾರಿಗಳು ಪ್ರಶ್ನಾವಳಿಗೆ ಮನಬಿಚ್ಚಿ ಉತ್ತರ ಕೊಡುವವರಲ್ಲ. ಆದುದರಿಂದ ಸಂಶೋಧಕರು ಐದು ಲಕ್ಷಣಗಳನ್ನು ಆರಿಸಿಕೊಂಡರು. ಕಂಪನಿಯ ವಾರ್ಷಿಕ ವರದಿಯಲ್ಲಿ ಮುಖ್ಯಾಧಿಕಾರಿಯ ಛಾಯಾಚಿತ್ರಕ್ಕೆ ಸಂದಿರುವ ಪ್ರಾಧಾನ್ಯ. ಪತ್ರಿಕೆಗಳಿಗೆ ಕಂಪನಿಯು ಕಳುಹಿಸುವ ಪ್ರಕಟಣೆಗಳಲ್ಲಿ ಆತನ ಹೆಸರಿಗೆ ಸಂದಿರುವ ಪ್ರಾಧಾನ್ಯ. ಸಂದರ್ಶನಗಳಲ್ಲಿ ಆತನು 'ನಾನು', 'ನನ್ನ' ಎಂಬ ಏಕವಚನವನ್ನು ಬಳಸುವ ಪ್ರಮಾಣ. ಎರಡನೆಯ ಸ್ಥಾನದ ಅಧಿಕಾರಿಯ ನಗದು ಸಂಭಾವನೆಗೂ ಆತನ ನಗದು ಸಂಭಾವನೆಗೂ ಇರುವ ಅಂತರ. ನಗದಲ್ಲದ ಸಂಭಾವನೆಯಲ್ಲಿಯೂ ಅದೇ ಬಗೆಯ ಅಂತರ. ಛಾಯಾಚಿತ್ರದಲ್ಲಿ ಆತನೊಬ್ಬನೇ ಇದ್ದು ಚಿತ್ರವು ಅರ್ಧಪುಟವನ್ನು ಮೀರಿದರೆ ನಾಲ್ಕು ಅಂಕ. ಚಿತ್ರವೇ ಇಲ್ಲದಿದ್ದರೆ ಒಂದು.

ಈ ಐದರ ಸರಾಸರಿಯನ್ನು ಆತ್ಮಮೋಹದ ಅಳತೆಯೆಂದು ಹಿಡಿದು ಅವರು ಕಂಡುಕೊಂಡದ್ದು ಇಷ್ಟು: ಅಳತೆಯಲ್ಲಿ ಮೇಲಿದ್ದವರು ಕಂಪನಿಯ ಧೋರಣೆಯನ್ನು ಪದೇ ಪದೇ ಬದಲಾಯಿಸಿದರು; ಬೇರೆ ಕಂಪನಿಗಳನ್ನು ಹೆಚ್ಚು ಸಂಖ್ಯೆಯಲ್ಲಿ, ದೊಡ್ಡ ಗಾತ್ರದಲ್ಲಿ ಕೊಂಡರು; ಅವರ ಕಂಪನಿಗಳ ಫಲಿತಾಂಶವು ಬಹಳ ಮೇಲಕ್ಕೂ ಬಹಳ ಕೆಳಕ್ಕೂ ತೂಗಾಡಿತು. ಆದರೆ ಒಟ್ಟಿನಲ್ಲಿ ನೋಡಿದರೆ ಅವರ ಕಂಪನಿಗಳು ಇತರ ಕಂಪನಿಗಳಿಗಿಂತ ಮೇಲೂ ಆಗಲಿಲ್ಲ, ಕೀಳೂ ಆಗಲಿಲ್ಲ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಆತ್ಮಮೋಹವು ಗೆಲುವಿನ ಗುಟ್ಟೆಂದು ಹೇಳುವವರೂ, ಅದು ವಿನಾಶಬೀಜವೆಂದು ಹೇಳುವವರೂ ಇದೇ ಪ್ರಬಂಧವನ್ನು ಆಧಾರವಾಗಿ ಕೊಡಲು ಹೊರಟರೆ, ಮೂಲವು ಇಬ್ಬರಿಗೂ ಆಶ್ರಯ ಕೊಡುವುದಿಲ್ಲ.

೩

ಈಗ ಪ್ರಮಾಣಗಳ ಪರೀಕ್ಷೆ. ವಾರ್ಷಿಕ ವರದಿಯ ಛಾಯಾಚಿತ್ರವು ಏತರ ಸಾಕ್ಷ್ಯ? ಆ ವರದಿಯನ್ನು ಮುಖ್ಯಾಧಿಕಾರಿಯು ಕುಳಿತು ಬರೆಯುವುದಿಲ್ಲ. ಅದನ್ನು ಸಿದ್ಧಪಡಿಸಲು ಪ್ರಚಾರ ವಿಭಾಗವುಂಟು, ಮುದ್ರಣದ ವಿನ್ಯಾಸಕಾರರುಂಟು. ಹಿಂದಿನ ವರ್ಷದ ಮಾದರಿಯುಂಟು, ಪ್ರತಿಸ್ಪರ್ಧಿ ಕಂಪನಿಯ ಮಾದರಿಯುಂಟು. ಷೇರುದಾರರಲ್ಲಿ ವಿಶ್ವಾಸ ಹುಟ್ಟಿಸಬೇಕೆಂಬುದು ಅದರ ಪ್ರಯೋಜನ. ಚಿತ್ರದ ಗಾತ್ರವನ್ನು ಮುಖ್ಯಾಧಿಕಾರಿಯು ತಡೆಯಬಹುದಾಗಿತ್ತು, ತಡೆಯಲಿಲ್ಲ ಎಂಬಷ್ಟನ್ನು ಮಾತ್ರ ಅದು ಹೇಳುತ್ತದೆ. ತಡೆಯದಿರುವುದಕ್ಕೂ ಬಯಸುವುದಕ್ಕೂ ಅಂತರ ಬಹಳ.

ಕನ್ನಡ ನಾಡಿನ ಇತಿಹಾಸವನ್ನು ಓದುವವರಿಗೆ ಈ ಸಮಸ್ಯೆ ಚೆನ್ನಾಗಿ ಪರಿಚಿತವಾದುದು. ಐಹೊಳೆಯ ಮೇಗುಟಿ ಜಿನಾಲಯದ ಶಾಸನವನ್ನು ನೋಡಬಹುದು. ಶಕ ೫೫೬, ಎಂದರೆ ಕ್ರಿ.ಶ. ೬೩೪-೩೫ರಲ್ಲಿ ಹುಟ್ಟಿದ ಈ ಸಂಸ್ಕೃತ ಪ್ರಶಸ್ತಿಯು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನೂ, ಹರ್ಷನ ಮೇಲೆ ಆತನು ಪಡೆದ ಜಯವನ್ನೂ ಭವ್ಯವಾಗಿ ಕೊಂಡಾಡುತ್ತದೆ. ಚಟರ್ಜಿ ಹ್ಯಾಂಬ್ರಿಕರ ಕ್ರಮದಲ್ಲಿ ಅಂಕ ಕೊಡುವುದಾದರೆ ಪುಲಕೇಶಿಗೆ ಪೂರ್ಣಾಂಕ ಸಲ್ಲಬೇಕು. ಆದರೆ ಈ ಪ್ರಶಸ್ತಿಯನ್ನು ರಚಿಸಿದವನು ರವಿಕೀರ್ತಿ; ಜಿನಾಲಯವನ್ನು ಕಟ್ಟಿಸಿದವನೂ ಅವನೇ. ಅರಸನ ಆಶ್ರಯವನ್ನು ಪಡೆದ ಕವಿಯೊಬ್ಬನು ತಾನು ಕಟ್ಟಿಸಿದ ದೇಗುಲದಲ್ಲಿ, ತನ್ನ ಕಾಲದ ಕಾವ್ಯಪದ್ಧತಿಗೆ ಅನುಸಾರವಾಗಿ ಬರೆದ ಸ್ತುತಿಯದು. ಅದರಲ್ಲಿ ನಿಜವಾದ ಆತ್ಮಪ್ರಶಂಸೆ ಯಾರದಾದರೂ ಇದ್ದರೆ ಅದು ಕವಿಯದು. ಕೀರ್ತಿಯಲ್ಲಿ ತಾನು ಕಾಳಿದಾಸ ಭಾರವಿಗಳಿಗೆ ಸಮನೆಂದು ಹೇಳಿಕೊಂಡವನು ರವಿಕೀರ್ತಿಯೇ. ಅರಸನ ಮನಸ್ಸು ಶಾಸನದ ಆಚೆಗೆ ಉಳಿಯುತ್ತದೆ.

ಹೀಗೆಂದ ಮಾತ್ರಕ್ಕೆ ಪ್ರಶಸ್ತಿಗಳು ನಿರುಪಯುಕ್ತವೆಂದು ಯಾರೂ ಹೇಳುವುದಿಲ್ಲ. ರಾಜ್ಯವು ತನ್ನನ್ನು ಹೇಗೆ ತೋರಿಸಿಕೊಳ್ಳಲು ಬಯಸಿತು, ಯಾವ ಗುಣಗಳು ಆ ಕಾಲದಲ್ಲಿ ಮಾನ್ಯವಾಗಿದ್ದವು, ಕವಿಗೂ ಆಶ್ರಯದಾತನಿಗೂ ಇದ್ದ ಸಂಬಂಧವೇನು ಎಂಬುದನ್ನು ತಿಳಿಯಲು ಅವು ಉತ್ತಮ ಸಾಧನಗಳು. ವಾರ್ಷಿಕ ವರದಿಯೂ ಹಾಗೆಯೇ. ಅರ್ಧಪುಟವನ್ನು ಮೀರಿದ ಚಿತ್ರವು ಒಂದು ಕಂಪನಿಯು ಒಬ್ಬನೇ ವ್ಯಕ್ತಿಯನ್ನು ತನ್ನ ಮುಖವೆಂದು ಒಪ್ಪಿಕೊಂಡಿದೆಯೆಂಬುದಕ್ಕೆ ಪ್ರಬಲ ಸಾಕ್ಷ್ಯ. ಹಾಗೆ ಒಪ್ಪಿಕೊಂಡ ಕಂಪನಿಯಲ್ಲಿ ತಡೆಯುವವರು ಕಡಿಮೆಯಾಗಿ, ದೊಡ್ಡ ದೊಡ್ಡ ಖರೀದಿಗಳು ಸುಲಭವಾಗಿ ನಡೆಯುವುದು ಸಂಭವನೀಯ. ಆಗ ಸಾಹಸಕ್ಕೆ ಕಾರಣ ಒಬ್ಬನ ಆತ್ಮಮೋಹವೋ, ಆ ಒಬ್ಬನ ಸುತ್ತ ಅಡೆತಡೆಯಿಲ್ಲದೆ ಬೆಳೆದ ಅಧಿಕಾರವೋ ಎಂಬ ಪ್ರಶ್ನೆ ಏಳುತ್ತದೆ. ಎರಡಕ್ಕೂ ಒಂದೇ ಚಿತ್ರ ಸಾಕ್ಷಿಯಾಗಿ ನಿಲ್ಲುವುದರಿಂದ ಈ ಅಳತೆಗೋಲಿನಿಂದ ಆ ಪ್ರಶ್ನೆ ಬಗೆಹರಿಯುವುದಿಲ್ಲ.

ಸರ್ವನಾಮದ ಲೆಕ್ಕವಂತೂ ಇನ್ನೂ ದುರ್ಬಲ. ಏಂಜೆಲಾ ಕೇರಿ ಮತ್ತು ಸಹಸಂಶೋಧಕರು ೨೦೧೫ರಲ್ಲಿ ಇಂಗ್ಲಿಷ್ ಮತ್ತು ಜರ್ಮನ್ ಭಾಷಿಕರಾದ ೪,೮೧೧ ಜನರ ಮಾತು ಬರಹಗಳನ್ನು ಪರೀಕ್ಷಿಸಿ, ಉತ್ತಮಪುರುಷ ಏಕವಚನದ ಬಳಕೆಗೂ ಆತ್ಮಮೋಹಕ್ಕೂ ಗಣನೀಯವಾದ ಸಂಬಂಧವೇ ಇಲ್ಲವೆಂದು ತೋರಿಸಿದರು. ಕನ್ನಡಿಗರಿಗೆ ಇದು ಆಶ್ಚರ್ಯವನ್ನು ಉಂಟುಮಾಡಲಾರದು. 'ಬಂದೆನು', 'ಕಂಡೆನು' ಎಂಬಲ್ಲಿ ಕ್ರಿಯಾಪದದ ತುದಿಯಲ್ಲಿಯೇ 'ನಾನು' ಅಡಗಿರುವ ಭಾಷೆ ನಮ್ಮದು. ಸರ್ವನಾಮವನ್ನು ಬಿಟ್ಟುಬಿಟ್ಟರೂ ಅಹಂಕಾರಕ್ಕೆ ಯಾವ ಕೊರತೆಯೂ ಆಗದು. ಅರಸರ ನಿರೂಪಗಳಲ್ಲಿ 'ನಾವು' ಎಂಬುದು ಅಧಿಕಾರದ ಗುರುತಾಗಿರಬಹುದು. ಪ್ರಸ್ತುತ ಲೇಖನದಂಥ ಬರಹಗಳಲ್ಲಿ ಅದೇ ಶಬ್ದ ಸಂಕೋಚದ ಗುರುತೆಂದು ಭಾವಿಸಲಾಗುತ್ತದೆ. ಎಣಿಕೆಯು ಶಬ್ದವನ್ನು ಹಿಡಿಯುತ್ತದೆ, ಅದರ ಧ್ವನಿಯನ್ನು ಹಿಡಿಯುವುದಿಲ್ಲ.

೪

ಸಂಪಾದನೆಯ ವಿಷಯಕ್ಕೆ ಬರೋಣ. ಐದು ಲಕ್ಷಣಗಳಲ್ಲಿ ಎರಡು ಸಂಭಾವನೆಗೆ ಸಂಬಂಧಿಸಿದವೆಂಬುದನ್ನು ಮೇಲೆ ಹೇಳಿದೆವು. ಚಟರ್ಜಿ ಹ್ಯಾಂಬ್ರಿಕರು ಆ ಅಳತೆಯಿಂದ ಕಂಪನಿಯ ಧೋರಣೆಯನ್ನು ವಿವರಿಸಲು ಹೊರಟರೇ ಹೊರತು ಸಂಭಾವನೆಯನ್ನಲ್ಲ; ಆದುದರಿಂದ ಅವರ ಮೇಲೆ ಚಕ್ರಕದೋಷವನ್ನು ಹೊರಿಸುವಂತಿಲ್ಲ. ಆದರೆ ಅದೇ ಅಳತೆಯನ್ನು ಹಿಡಿದು 'ಆತ್ಮಮೋಹಿಗಳು ಹೆಚ್ಚು ಸಂಪಾದಿಸುತ್ತಾರೆ' ಎಂದು ಯಾರಾದರೂ ಹೇಳಿದರೆ, ಹೆಚ್ಚು ಸಂಪಾದಿಸುವವನನ್ನೇ ಆತ್ಮಮೋಹಿಯೆಂದು ಕರೆದು, ಆತ್ಮಮೋಹಿಯು ಹೆಚ್ಚು ಸಂಪಾದಿಸುತ್ತಾನೆಂದು ಹೇಳಿದಂತಾಗುತ್ತದೆ. ವಿದ್ಯಾರ್ಥಿಗಳು ಈ ಸುಳಿಯಿಂದ ದೂರವಿರಬೇಕು.

ಈ ದೋಷದಿಂದ ಪಾರಾದ ಸಂಶೋಧನೆಗಳೂ ಉಂಟು. ಚಾರ್ಲ್ಸ್ ಒ'ರೈಲಿ ಮತ್ತು ಸಂಗಡಿಗರು ೨೦೧೪ರಲ್ಲಿ ಉನ್ನತ ತಂತ್ರಜ್ಞಾನದ ೩೨ ಕಂಪನಿಗಳನ್ನು ತೆಗೆದುಕೊಂಡು, ಮುಖ್ಯಾಧಿಕಾರಿಯ ಸ್ವಭಾವವನ್ನು ಆತನ ಕೈಕೆಳಗಿನ ನೌಕರರಿಂದಲೇ ಅಳೆಸಿದರು. ಬಹುಕಾಲ ಪದವಿಯಲ್ಲಿದ್ದ ಆತ್ಮಮೋಹಿಗಳ ಒಟ್ಟು ಸಂಭಾವನೆಯೂ, ಅವರಿಗೂ ಅವರ ಸಹೋದ್ಯೋಗಿಗಳಿಗೂ ಇದ್ದ ಅಂತರವೂ ಹೆಚ್ಚಾಗಿದ್ದುದು ಅವರಿಗೆ ಕಂಡುಬಂದಿತು. ಚಾರ್ಲ್ಸ್ ಹ್ಯಾಮ್, ನಿಕೊಲಸ್ ಸೈಬರ್ಟ್, ಷಾನ್ ವಾಂಗ್ ಇವರು ೨೦೧೮ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಮುಖ್ಯಾಧಿಕಾರಿಯ ಸಹಿಯ ಗಾತ್ರವೇ ಅಳತೆ. ಛಾಯಾಚಿತ್ರಕ್ಕಿಂತ ಸಹಿಯು ಉತ್ತಮ ಪ್ರಮಾಣವೆಂದು ಒಪ್ಪಬೇಕು. ಏಕೆಂದರೆ ಅದನ್ನು ಪ್ರಚಾರ ವಿಭಾಗವು ಹಾಕುವುದಿಲ್ಲ. ಸಹಿ ದೊಡ್ಡದಾದಲ್ಲಿ ಸಂಶೋಧನೆಗೂ ಇತರ ಕಂಪನಿಗಳ ಖರೀದಿಗೂ ಮಿತಿಮೀರಿದ ವೆಚ್ಚವಾಯಿತೆಂದೂ, ಕಂಪನಿಯ ಲಾಭ ಕುಗ್ಗಿತೆಂದೂ, ಹಾಗಿದ್ದರೂ ಸಹಿ ಹಾಕಿದವನ ಸಂಭಾವನೆ ಹೆಚ್ಚಾಗಿಯೇ ಇದ್ದಿತೆಂದೂ ಅವರು ಹೇಳುತ್ತಾರೆ.

ಈ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆರಂಭದಲ್ಲಿ ಹೇಳಿದ ತರ್ಕಸರಣಿಯ ಮಧ್ಯದ ಕೊಂಡಿಯೇ ಕಳಚಿಬೀಳುತ್ತದೆ. ಆತ್ಮಮೋಹಿಯು ಸಾಹಸಕ್ಕೆ ಕೈಹಾಕುತ್ತಾನೆ, ನಿಜ. ಆತನಿಗೆ ಹೆಚ್ಚು ಹಣ ಸಿಗುತ್ತದೆ, ಅದೂ ಬಹುಮಟ್ಟಿಗೆ ನಿಜ. ಆದರೆ ಆ ಹಣವು ಸಾಹಸದ ಫಲವೆಂದು ಎಲ್ಲಿಯೂ ಸಿದ್ಧವಾಗಿಲ್ಲ. ೨೦೦೭ರ ಪ್ರಬಂಧದಲ್ಲಿ ಸಾಹಸದಿಂದ ಕಂಪನಿಗೆ ಒಟ್ಟಿನಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ, ೨೦೧೮ರದರಲ್ಲಿ ನಷ್ಟ. ಕಂಪನಿಯು ಗಳಿಸದಿದ್ದರೂ ಆತನು ಪಡೆಯುತ್ತಾನೆಂದ ಮೇಲೆ, ಆತನ ಸಂಪಾದನೆಗೆ ಮೂಲವನ್ನು ಅಪಾಯವನ್ನು ಎದುರಿಸಿದ ಧೈರ್ಯದಲ್ಲಿ ಹುಡುಕುವುದಕ್ಕಿಂತ, ಪಾಲು ಹಂಚುವ ಮೇಜಿನ ಬಳಿ ತನ್ನ ಪಾಲನ್ನು ದೊಡ್ಡದು ಮಾಡಿಕೊಳ್ಳುವ ಸಾಮರ್ಥ್ಯದಲ್ಲಿ ಹುಡುಕುವುದು ಯುಕ್ತ. ಗಳಿಸುವುದು ಬೇರೆ, ಪಡೆಯುವುದು ಬೇರೆ. ಈ ಎರಡನ್ನೂ 'ಆದಾಯ' ಎಂಬ ಒಂದೇ ಶಬ್ದದಲ್ಲಿ ಮುಚ್ಚಿಡುವುದರಿಂದಲೇ ಭ್ರಾಂತಿ ಹುಟ್ಟುತ್ತದೆ.

೫

ಇನ್ನೊಂದು ಆಕ್ಷೇಪವಿದೆ, ಅದು ಇತಿಹಾಸದ ದೃಷ್ಟಿಯಿಂದ ಮುಖ್ಯವಾದುದು. ಸ್ವಭಾವಕ್ಕೆ ನಾವು ಕೊಡುವ ಹೆಸರು ಅನೇಕವೇಳೆ ಫಲವನ್ನು ನೋಡಿದ ಮೇಲೆ ಕೊಟ್ಟದ್ದಾಗಿರುತ್ತದೆ. 'ಸಾಹಸ' ಎಂಬ ಶಬ್ದವನ್ನೇ ನೋಡಬಹುದು. ಇಂದಿನ ಕನ್ನಡದಲ್ಲಿ ಅದು ಹೊಗಳಿಕೆ. ಧರ್ಮಶಾಸ್ತ್ರಗಳ ಹದಿನೆಂಟು ವ್ಯವಹಾರಪದಗಳಲ್ಲಿ ಅದು ಬಲಾತ್ಕಾರದ ಅಪರಾಧಕ್ಕೆ ಹೆಸರು. ಗೆದ್ದರೆ ಸಾಹಸಿ, ಸೋತರೆ ದುಡುಕಿನವನು ಎಂಬುದು ಲೋಕರೂಢಿ. ಇದಕ್ಕೆ ೧೮೬೦ರ ದಶಕದ ಮುಂಬಯಿ ಒಂದು ನಿದರ್ಶನವನ್ನು ಒದಗಿಸುತ್ತದೆ.

೧೮೬೧ರ ಏಪ್ರಿಲಿನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ, ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ಭಾರತದ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಮುಂಬಯಿಯಲ್ಲಿ ರಾಶಿಬಿದ್ದ ಹಣವು ಹೊಸ ಬ್ಯಾಂಕುಗಳು, ಹಣಕಾಸಿನ ಕಂಪನಿಗಳು, ಸಮುದ್ರವನ್ನು ಹೂಳಿ ನೆಲ ಮಾಡುವ ಕಂಪನಿಗಳು ಇವುಗಳ ಷೇರುಗಳಿಗೆ ಹರಿಯಿತು. ಬ್ಯಾಕ್ ಬೇ ಕಂಪನಿಯ ಷೇರು ಅದರ ಮುಖಬೆಲೆಯನ್ನು ಎಷ್ಟೋ ಪಟ್ಟು ಮೀರಿತು. ಈ ಎಲ್ಲ ಚಟುವಟಿಕೆಗಳ ಕೇಂದ್ರದಲ್ಲಿದ್ದವರು ೧೮೩೧ರಲ್ಲಿ ಜನಿಸಿದ ದಲ್ಲಾಳಿ ಪ್ರೇಮಚಂದ ರಾಯಚಂದರು. ೧೮೬೫ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾನಿ ಲೀ ಶರಣಾದ ಸುದ್ದಿ ಬಂದಾಗ ಹತ್ತಿಯ ಬೆಲೆ ಕುಸಿಯಿತು. ಅದೇ ವರ್ಷ ಜುಲೈ ೧ರಂದು ಮುಂಗಡ ಕರಾರುಗಳ ಹಣ ತೀರಿಸುವ ಗಡುವು ಬಂದಾಗ ಕೊಡಬೇಕಾದವರ ಬಳಿ ಹಣವಿರಲಿಲ್ಲ. ಪ್ರೇಮಚಂದರೂ ದಿವಾಳಿಯಾದರು.

ಏಪ್ರಿಲಿನ ಮುಂಚೆ ದೂರದೃಷ್ಟಿಯೆನಿಸಿಕೊಂಡುದೇ ಜುಲೈಯ ಅನಂತರ ದುರಾಶೆಯೆನಿಸಿತು. ಮನುಷ್ಯನು ಬದಲಾಗಿರಲಿಲ್ಲ, ಹತ್ತಿಯ ದರ ಬದಲಾಗಿದ್ದಿತು. ಇಂದಿನ ಸಂಶೋಧಕರು ಆತನ ಆತ್ಮಮೋಹವನ್ನು ಅಳೆಯಲು ಹೊರಟರೆ ಏನನ್ನು ಹಿಡಿಯಬೇಕು? ೧೮೬೪ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಎರಡು ಲಕ್ಷ ರೂಪಾಯಿಗಳನ್ನೂ, ಗಡಿಯಾರದ ಗೋಪುರಕ್ಕೆ ಮತ್ತೆರಡು ಲಕ್ಷಗಳನ್ನೂ ಆತನು ದಾನ ಮಾಡಿದನು. ೧೮೭೮ರಲ್ಲಿ ಪೂರ್ಣವಾದ ಆ ಗೋಪುರ ಇಂದಿಗೂ ನಿಂತಿರುವುದು ಆತನ ಹೆಸರಿನಲ್ಲಲ್ಲ, ತಾಯಿ ರಾಜಾಬಾಯಿಯ ಹೆಸರಿನಲ್ಲಿ. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಆತನ ದಾನದಿಂದ ಸ್ಥಾಪಿತವಾಗಿ, ಜದುನಾಥ ಸರ್ಕಾರರಂಥ ಇತಿಹಾಸಕಾರರಿಗೆ ಸಂದ ವಿದ್ಯಾರ್ಥಿವೇತನವಾದರೋ ಆತನ ಹೆಸರಿನಲ್ಲಿಯೇ ಇದೆ. ಒಂದು ದಾನ ವಿನಯಕ್ಕೆ ಸಾಕ್ಷಿ, ಇನ್ನೊಂದು ಆತ್ಮಮೋಹಕ್ಕೆ ಸಾಕ್ಷಿ ಎಂದು ಹೇಳುವುದು ಹಾಸ್ಯಾಸ್ಪದ.

ಮೇಲಾಗಿ, ಆ ವರ್ಷಗಳಲ್ಲಿ ಅಪಾಯಕ್ಕೆ ಒಡ್ಡಿಕೊಂಡವರು ಒಂದು ಸ್ವಭಾವದವರು ಮಾತ್ರವಲ್ಲ. ವರ್ತಕರು, ಗುಮಾಸ್ತರು, ಸರ್ಕಾರದ ಅಧಿಕಾರಿಗಳು ಎಲ್ಲರೂ ಷೇರುಗಳನ್ನು ಕೊಂಡರು. ಬಾಂಬೆ ಬ್ಯಾಂಕಿನ ೧೮೬೩ರ ಹೊಸ ಕಾಯಿದೆಯು ಸಾಲ ಕೊಡುವ ವಿಷಯದಲ್ಲಿ ಹಿಂದೆ ಇದ್ದ ಕಟ್ಟುಪಾಡುಗಳನ್ನು ಸಡಿಲಿಸಿದ್ದಿತು. ಷೇರುಗಳ ಆಧಾರದ ಮೇಲೆ ಧಾರಾಳವಾಗಿ ಸಾಲ ಸಿಕ್ಕಿತು. ಸರ್ಕಾರವೇ ಪಾಲುದಾರನಾಗಿದ್ದ ಆ ಬ್ಯಾಂಕು ಮುಳುಗಿ, ೧೮೬೮ರಲ್ಲಿ ಅದರ ಸ್ಥಾನದಲ್ಲಿ ಹೊಸ ಬ್ಯಾಂಕನ್ನು ಸ್ಥಾಪಿಸಬೇಕಾಯಿತು. ಮುಳುಗಿದ ಕಾರಣವನ್ನು ವಿಚಾರಿಸಲು ಆಯೋಗವನ್ನು ನೇಮಿಸಬೇಕಾಯಿತು. ಅಪಾಯವು ಒಬ್ಬನ ತಲೆಯಲ್ಲಿ ಹುಟ್ಟಿತೆಂದು ಹೇಳಿದರೆ ಕಾಯಿದೆಯ ಪಾತ್ರ, ಬ್ಯಾಂಕಿನ ಪಾತ್ರ, ಯುದ್ಧದ ಪಾತ್ರ ಇವೆಲ್ಲ ಮರೆಯಾಗುತ್ತವೆ.

ಸಂಪಾದನೆಯ ವಿಷಯದಲ್ಲಿಯೂ ಅದೇ ಮಾತು. ಅಂದಿನ ಮುಂಬಯಿಯ ಹತ್ತಿಪೇಟೆಯಲ್ಲಿ 'ಧಾರವಾಡ', 'ಕುಮಟಾ' ಎಂಬ ಹೆಸರಿನಲ್ಲಿಯೇ ಹತ್ತಿಯ ತಳಿಗಳು ಮಾರಾಟವಾಗುತ್ತಿದ್ದವು. ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಹತ್ತಿ ಬೆಳೆದ ರೈತನ ಕೈಗೂ ಆ ನಾಲ್ಕು ವರ್ಷಗಳಲ್ಲಿ ಹಿಂದೆ ಕಾಣದಷ್ಟು ಹಣ ಬಂದಿತು. ಆ ರೈತನಲ್ಲಿ ಆತ್ಮಮೋಹ ಹೆಚ್ಚಾದುದರಿಂದ ವರಮಾನ ಹೆಚ್ಚಾಗಲಿಲ್ಲ. ಯುದ್ಧ ಮುಗಿದಾಗ ಆತ್ಮಮೋಹ ಕುಗ್ಗಿ ವರಮಾನ ಕುಗ್ಗಲಿಲ್ಲ. ಸಮುದ್ರದಾಚೆಯ ಯುದ್ಧವೊಂದು ಗದಗಿನ ಹೊಲದ ಬೆಲೆಯನ್ನು ಏರಿಸಿ ಇಳಿಸಿತು. ಅದೇ ಅಲೆಯ ಮೇಲಿದ್ದ ಮುಂಬಯಿಯ ದಲ್ಲಾಳಿಯ ವರಮಾನಕ್ಕೆ ಮಾತ್ರ ಆತನ ಸ್ವಭಾವವನ್ನು ಕಾರಣವಾಗಿ ಹೇಳುವುದು, ರೈತನ ವರಮಾನಕ್ಕೆ ಕಾಲವನ್ನು ಕಾರಣವಾಗಿ ಹೇಳುವುದು, ಪ್ರಮಾಣಶುದ್ಧಿಯ ಕ್ರಮವಲ್ಲ. ೧೯೯೨ರಿಂದ ೨೦೦೪ರವರೆಗಿನ ಕಂಪ್ಯೂಟರ್ ಉದ್ಯಮವೂ ಇಂಥದೇ ಒಂದು ಏರಿಳಿತದ ಕಾಲವಾಗಿದ್ದಿತು. ೨೦೦೦ದಲ್ಲಿ ಅಮೆರಿಕದ ತಂತ್ರಜ್ಞಾನ ಷೇರುಗಳ ಬೆಲೆ ಕುಸಿದುದು ಎಲ್ಲರಿಗೂ ತಿಳಿದ ವಿಷಯ. ಆ ಅವಧಿಯ ಒಂದು ಉದ್ಯಮದಿಂದ ಪಡೆದ ಸಂಬಂಧವನ್ನು ಮನುಷ್ಯಸ್ವಭಾವದ ಸಾರ್ವತ್ರಿಕ ನಿಯಮವೆಂದು ಹೇಳುವವರು ಇದನ್ನು ಲಕ್ಷ್ಯದಲ್ಲಿಡಬೇಕು.

೬

ಹಾಗಾದರೆ ಈ ಸಂಶೋಧನೆಗಳಿಂದ ಇತಿಹಾಸದ ವಿದ್ಯಾರ್ಥಿಗೆ ಪ್ರಯೋಜನವಿಲ್ಲವೆ? ಇದೆ. ಚಟರ್ಜಿ ಹ್ಯಾಂಬ್ರಿಕರು ೨೦೧೧ರಲ್ಲಿ ೧೫೨ ಮುಖ್ಯಾಧಿಕಾರಿಗಳ ವಿಷಯವಾಗಿ ಪ್ರಕಟಿಸಿದ ಎರಡನೆಯ ಪ್ರಬಂಧವು ನಮ್ಮ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದು. ಸಾಮಾನ್ಯ ಅಧಿಕಾರಿಯು ಕಂಪನಿಯ ಇತ್ತೀಚಿನ ಲಾಭನಷ್ಟವನ್ನು ನೋಡಿ ಮುಂದಿನ ಹೆಜ್ಜೆಯನ್ನು ಹಿಗ್ಗಿಸುತ್ತಾನೆ ಅಥವಾ ಕುಗ್ಗಿಸುತ್ತಾನೆ. ಆತ್ಮಮೋಹಿಯು ಅದಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲ. ಪತ್ರಿಕೆಗಳ ಹೊಗಳಿಕೆ, ಬಹುಮಾನಗಳು ಇವುಗಳಿಗೆ ಕಿವಿಗೊಡುತ್ತಾನೆ ಎಂಬುದು ಅದರ ಸಾರ. ಅಳತೆಗೋಲಿನ ದೋಷ ಇಲ್ಲಿಯೂ ಇದೆಯೆಂಬುದು ನಿಜ. ಆದರೂ ಪ್ರಶ್ನೆ ಸರಿಯಾದ ದಿಕ್ಕಿಗೆ ತಿರುಗಿದೆ. ಒಬ್ಬನು ಎಷ್ಟು ಗರ್ವಿಷ್ಠ ಎಂಬುದನ್ನು ದಾಖಲೆಯಿಂದ ತಿಳಿಯುವುದು ಕಷ್ಟ. ಅವನು ಯಾರ ಮಾತನ್ನು ಕೇಳಿದನು, ಯಾರ ಮಾತನ್ನು ಕೇಳಲಿಲ್ಲ ಎಂಬುದನ್ನು ತಿಳಿಯಲು ದಾಖಲೆಗಳು ಸಿಗುತ್ತವೆ. ಸಭೆಯ ನಡವಳಿಗಳುಂಟು, ಪತ್ರವ್ಯವಹಾರವುಂಟು, ತಳ್ಳಿಹಾಕಿದ ಎಚ್ಚರಿಕೆಗಳುಂಟು. ಕೌಟಿಲ್ಯನು ಅರಸನಿಗೆ ಮಂತ್ರಿಗಳ ಆಲೋಚನೆಯನ್ನು ಅಷ್ಟು ಒತ್ತಿ ವಿಧಿಸಿದುದರ ಮರ್ಮವೂ ಇದೇ ಇರಬೇಕು.

ಆದುದರಿಂದ ಇಂಥ ವಿಷಯಗಳನ್ನು ಕುರಿತು ಬರೆಯತಕ್ಕ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕೆಂದು ಸೂಚಿಸುತ್ತೇವೆ. ಮೊದಲನೆಯದು, ಕೈಯಲ್ಲಿರುವ ದಾಖಲೆಯನ್ನು ಸಿದ್ಧಪಡಿಸಿದವರು ಯಾರು, ಯಾರಿಗಾಗಿ, ಯಾವ ರೂಢಿಯನ್ನು ಅನುಸರಿಸಿ? ಎರಡನೆಯದು, ವ್ಯಕ್ತಿಗೆ ನಾವು ಕೊಡುತ್ತಿರುವ ಹೆಸರು ಫಲ ತಿಳಿಯುವುದಕ್ಕೆ ಮುಂಚೆಯೂ ಸಲ್ಲುತ್ತಿದ್ದಿತೆ? ಮೂರನೆಯದು, ಅಪಾಯವನ್ನು ಒಡ್ಡಿದವನು ಯಾರು, ಲಾಭ ಬಂದಾಗ ಪಾಲು ಪಡೆದವನು ಯಾರು, ನಷ್ಟ ಬಂದಾಗ ತೆತ್ತವನು ಯಾರು?

ಈ ಮೂರನೆಯ ಪ್ರಶ್ನೆಯನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇವೆ. ಪ್ರೇಮಚಂದರು ಒಡ್ಡಿದ ಪಣದಲ್ಲಿ ಅವರ ಸ್ವಂತ ಆಸ್ತಿಯೂ ಇದ್ದಿತು, ಅದು ಹೋಯಿತು. ಇಂದಿನ ಕಂಪನಿಯ ಮುಖ್ಯಾಧಿಕಾರಿಯು ಒಡ್ಡುವುದು ಬಹುಮಟ್ಟಿಗೆ ಷೇರುದಾರರ ಹಣವನ್ನು, ನೌಕರರ ಜೀವನೋಪಾಯವನ್ನು. ಸಂಭಾವನೆ ಮಾತ್ರ ಆತನದು. ಪರರ ಹಣದಿಂದ ಆಡುವವನ ಧೈರ್ಯಕ್ಕೂ, ತನ್ನದನ್ನೇ ಪಣಕ್ಕಿಟ್ಟವನ ಧೈರ್ಯಕ್ಕೂ 'ಸಾಹಸ' ಎಂಬ ಒಂದೇ ಹೆಸರನ್ನು ಕೊಟ್ಟು, ಅದರ ಮೂಲವನ್ನು ಮನಸ್ಸಿನ ಆಳದಲ್ಲಿ ಹುಡುಕುವ ಶಾಸ್ತ್ರವು ಹೊರಗೆ ಕಣ್ಣಿಗೆ ಕಾಣುವ ಕರಾರುಪತ್ರವನ್ನು ಓದದೆ ಬಿಟ್ಟಂತಾಗುತ್ತದೆ. ಆತ್ಮಮೋಹವೆಂಬುದು ಇಲ್ಲವೆಂದು ನಾವು ಹೇಳುವುದಿಲ್ಲ. ಅದು ಎಲ್ಲ ಕಾಲದಲ್ಲಿಯೂ ಇದ್ದಿತು. ಅದಕ್ಕೆ ಕೈಯಾಸರೆ ಕೊಟ್ಟವರು ಯಾರು, ತಡೆಯಬೇಕಾದವರು ಏಕೆ ತಡೆಯಲಿಲ್ಲ, ಅದರ ಬೆಲೆಯನ್ನು ಕೊಟ್ಟವರು ಯಾರು ಎಂಬುದು ಮಾತ್ರ ಕಾಲದಿಂದ ಕಾಲಕ್ಕೆ ಬೇರೆಯಾಗುತ್ತದೆ. ಆ ಬೇರೆಯಾಗುವುದನ್ನು ಅರಿಯುವುದೇ ಇತಿಹಾಸದ ಕೆಲಸ.